ತಲೆ ಒಡೆಯನದು, ಬಾಲ ವಸ್ತುವಿನದು

ಸ್ಪ್ಯಾನಿಷ್ ಕಲಿಯುವವರ ಪ್ರಶ್ನೋತ್ತರ

ಈ ತಿಂಗಳು ಬಂದ ಕಾಗದಗಳನ್ನು ಮೇಜಿನ ಮೇಲೆ ಹರಡಿಕೊಂಡು ಓದುತ್ತಾ ಹೋದೆ. ಹರಿಹರದಿಂದ ಚಳ್ಳಕೆರೆಯವರೆಗೆ ಬರೆದವರೆಲ್ಲ ಎಡವಿರುವುದು ಒಂದೇ ಹೊಸ್ತಿಲಿಗೆ: ನನ್ನ, ನಿನ್ನ, ಅವರ, ನಮ್ಮ. ಶಾಲೆಯಲ್ಲಿ ನಾವು ಷಷ್ಠೀ ವಿಭಕ್ತಿ ಎಂದು ಬಾಯಿಪಾಠ ಮಾಡಿದ್ದು ಸ್ಪ್ಯಾನಿಷ್‌ನಲ್ಲಿ ವಿಶೇಷಣದ ವೇಷ ತೊಟ್ಟು ನಿಲ್ಲುತ್ತದೆ. ಆದ್ದರಿಂದ ಈ ಸಲದ ಪುಟವೆಲ್ಲ ಅದಕ್ಕೇ ಮೀಸಲು. ಎಂದಿನಂತೆ ಸ್ಪ್ಯಾನಿಷ್ ಪದಗಳನ್ನು ಉಚ್ಚಾರಕ್ಕೆ ಹತ್ತಿರವಾಗಿ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಆ ಭಾಷೆಯಲ್ಲಿ ‘ವಿ’ ಅಕ್ಷರವನ್ನೂ ‘ಬಿ’ ಅಕ್ಷರವನ್ನೂ ಬಕಾರವಾಗಿಯೇ ಉಚ್ಚರಿಸುತ್ತಾರೆ ಎಂಬುದು ನೆನಪಿರಲಿ.

ಪ್ರಶ್ನೆ: ಮೇಡಂ, ‘ನಮ್ಮ ಮನೆ’ ಎನ್ನಲು ನಾನು ‘ನುಯೆಸ್ತ್ರಾ ಕಾಸಾ’ ಎಂದು ಬರೆದೆ. ಹುಡುಗಿಯಾದ್ದರಿಂದ ‘ನುಯೆಸ್ತ್ರಾ’ ಎಂದುಕೊಂಡೆ. ನನ್ನ ತಮ್ಮ ‘ನುಯೆಸ್ತ್ರೊ ಕಾಸಾ’ ಎಂದು ಬರೆದ. ಅವನದು ತಪ್ಪು ಎಂದು ಬಂತು. ಅವನು ಹುಡುಗನಲ್ಲವೇ?
— ಪಿಯುಸಿ ವಿದ್ಯಾರ್ಥಿನಿ, ವಿದ್ಯಾನಗರ, ದಾವಣಗೆರೆ

ಉತ್ತರ: ಮಗಳೇ, ನಿನ್ನ ಉತ್ತರ ಸರಿ, ಅದಕ್ಕೆ ನೀನು ಕೊಟ್ಟ ಕಾರಣ ತಪ್ಪು. ಇಂಥ ಉತ್ತರ ಇಂದು ಅಂಕ ತಂದು ನಾಳೆ ಕೈಕೊಡುತ್ತದೆ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನಮ್ಮ ತಂದೆ ದಾವಣಗೆರೆಯ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಮೆಕ್ಕೆಜೋಳದ ಸುಗ್ಗಿಯಲ್ಲಿ ಅವರಿಗೆ ಬುತ್ತಿ ಒಯ್ದು ಕೊಡುವುದು ನನ್ನ ಕೆಲಸ. ಪ್ರಾಂಗಣದ ತುಂಬ ಹಳದಿ ರಾಶಿಗಳು, ಪ್ರತಿ ರಾಶಿಯ ನೆತ್ತಿಯ ಮೇಲೆ ಒಂದು ಚೀಟಿ, ಗಾಳಿಗೆ ಹಾರದಂತೆ ಅದರ ಮೇಲೆ ಒಂದು ಹಿಡಿ ಕಾಳು. ಚೀಟಿಯಲ್ಲಿ ಮೊದಲು ರೈತನ ಹೆಸರು, ಅದರ ಮುಂದೆ ಮಾಲಿನ ವಿವರ: ಜೋಳವೋ ಶೇಂಗಾವೋ, ಎಷ್ಟು ಚೀಲ. ಹೆಸರು ರೈತನನ್ನು ನೋಡಿ ಬರೆದದ್ದು, ವಿವರ ರಾಶಿಯನ್ನು ನೋಡಿ ಬರೆದದ್ದು. ರೈತ ಗಂಡಸಾದರೇನು, ಹೆಂಗಸಾದರೇನು, ಜೋಳ ಜೋಳವೇ.

‘ನುಯೆಸ್ತ್ರಾ’ ಎಂಬ ಪದವೂ ಅಂಥದೇ ಚೀಟಿ. ‘ನುಯೆಸ್ತ್ರ್’ ಎಂಬ ತಲೆ ಒಡೆಯರಾದ ‘ನಮ್ಮ’ದು. ಕೊನೆಯ ‘ಆ’ ಎಂಬ ಬಾಲ ವಸ್ತುವಿನದು. ಸ್ಪ್ಯಾನಿಷ್‌ನಲ್ಲಿ ಮನೆ, ಅಂದರೆ ‘ಕಾಸಾ’, ಸ್ತ್ರೀಲಿಂಗ. ಆದ್ದರಿಂದ ನೀನು ಹೇಳಿದರೂ ನಿನ್ನ ತಮ್ಮ ಹೇಳಿದರೂ ಅದು ‘ನುಯೆಸ್ತ್ರಾ ಕಾಸಾ’ ಆಗಬೇಕು. ಪುಸ್ತಕ, ‘ಲೀಬ್ರೊ’, ಪುಲ್ಲಿಂಗ. ನೀನು ಹೇಳಿದರೂ ಅದು ‘ನುಯೆಸ್ತ್ರೊ ಲೀಬ್ರೊ’. ಹಲವು ಮನೆಗಳಾದರೆ ‘ನುಯೆಸ್ತ್ರಾಸ್ ಕಾಸಾಸ್’, ಹಲವು ಪುಸ್ತಕಗಳಾದರೆ ‘ನುಯೆಸ್ತ್ರೊಸ್ ಲೀಬ್ರೊಸ್’. ನಮ್ಮೂರಿನ ಬೆಣ್ಣೆ ‘ಮಾಂತೆಕೀಯಾ’, ಸ್ತ್ರೀಲಿಂಗ, ಹಾಗಾಗಿ ‘ನುಯೆಸ್ತ್ರಾ ಮಾಂತೆಕೀಯಾ’. ನಮ್ಮೂರಿನ ಮೆಕ್ಕೆಜೋಳ ‘ಮಾಯಿಸ್’, ಪುಲ್ಲಿಂಗ, ಹಾಗಾಗಿ ‘ನುಯೆಸ್ತ್ರೊ ಮಾಯಿಸ್’. (ಆ ಜೋಳ ಮೆಕ್ಸಿಕೊ ಸೀಮೆಯಿಂದ ಹೊರಟು ಜಗತ್ತು ಸುತ್ತಿ ನಮ್ಮ ಹೊಲ ಸೇರಿದ್ದು. ‘ಮಾಯಿಸ್’ ಎಂಬ ಹೆಸರನ್ನು ಸ್ಪ್ಯಾನಿಷರು ಕೆರಿಬಿಯನ್ ದ್ವೀಪಗಳ ತೈನೊ ಜನರಿಂದ ಪಡೆದರು.)

ನಿನಗೆ ಗೊಂದಲವಾದದ್ದು ಇಂಗ್ಲಿಷ್ ದಾರಿಯಿಂದ ಬಂದದ್ದರಿಂದ. ಅಲ್ಲಿ ‘ಹಿಸ್’, ‘ಹರ್’ ಎರಡೂ ಒಡೆಯನ ಲಿಂಗ ನೋಡುತ್ತವೆ. ಅದರ ಬದಲು ಶಾಲೆಯಲ್ಲಿ ಕಲಿತ ಹಿಂದಿಯನ್ನು ನೆನೆದುಕೋ. ‘ಮೇರಾ ಘರ್’, ‘ಮೇರೀ ಕಿತಾಬ್’, ‘ಮೇರೇ ಬಚ್ಚೇ’. ಹುಡುಗಿ ಎಂದು ನೀನು ‘ಮೇರೀ ಘರ್’ ಎನ್ನುತ್ತೀಯಾ? ಕನ್ನಡದಲ್ಲೂ ಇದರ ಒಂದು ಎಳೆ ಇದೆ. ‘ನನ್ನ’ ಎಂಬುದು ಬದಲಾಗದು, ಆದರೆ ಒಂಟಿಯಾಗಿ ನಿಂತಾಗ ‘ನನ್ನವನು’, ‘ನನ್ನವಳು’, ‘ನನ್ನದು’, ‘ನನ್ನವು’ ಎಂದು ಬಾಲ ಬದಲಾಗುತ್ತದೆ. ‘ಅವಳು ನನ್ನವಳು’ ಎಂದು ಗಂಡ ಹೇಳುವಾಗ ‘ಅವಳು’ ಎಂಬ ಬಾಲ ಹೆಂಡತಿಯದು, ಗಂಡನದಲ್ಲ. ಸ್ಪ್ಯಾನಿಷ್‌ನ ‘ಮೀಯೊ’, ‘ಮೀಯಾ’, ‘ಮೀಯೊಸ್’, ‘ಮೀಯಾಸ್’ ಸರಿಯಾಗಿ ಇದೇ ರೀತಿ.

‘ಮಿ’, ‘ತು’, ‘ಸು’, ಅಂದರೆ ನನ್ನ, ನಿನ್ನ, ಅವನ ಅಥವಾ ಅವಳ ಅಥವಾ ಅವರ, ಇವು ಮೂರಕ್ಕೆ ಲಿಂಗದ ಬಾಲವಿಲ್ಲ. ಬಹುವಚನದ ‘ಸ್’ ಮಾತ್ರ ಸೇರುತ್ತದೆ: ‘ಮಿಸ್ ಲೀಬ್ರೊಸ್’. ಈ ‘ಸ್’ ಕೂಡ ವಸ್ತುವಿನದೇ. ಹತ್ತು ಜನರ ಒಂದೇ ಮನೆ ‘ಸು ಕಾಸಾ’, ಒಬ್ಬನ ಹತ್ತು ಮನೆ ‘ಸುಸ್ ಕಾಸಾಸ್’. ಜನ ಹೆಚ್ಚಿದರೆಂದು ‘ಸುಸ್’ ಬರೆಯುವವರು ನನ್ನ ತರಗತಿಯಲ್ಲಿ ಪ್ರತಿ ವರ್ಷವೂ ಇರುತ್ತಾರೆ. ನೀನು ಆ ಸಾಲಿಗೆ ಸೇರಬೇಡ. ತಮ್ಮನಿಗೂ ಹೇಳು.

ಪ್ರಶ್ನೆ: ನಾನು ಮನೆಯಿಂದಲೇ ಬೆಂಗಳೂರಿನ ಒಂದು ಕಂಪನಿಗೆ ಕೆಲಸ ಮಾಡುತ್ತೇನೆ, ಮೆಕ್ಸಿಕೊದ ಗ್ರಾಹಕರೊಂದಿಗೆ ಫೋನಿನಲ್ಲಿ ಮಾತು. ವಯಸ್ಸಾದ ಒಬ್ಬರು ತಮ್ಮ ಮನೆಯ ವಿಳಾಸ ಹೇಳಿ, ಕೊನೆಗೆ ‘ಆಯಿ ತಿಯೇನೆ ಸು ಕಾಸಾ’ ಎಂದರು. ಅಂದರೆ ಯಾರ ಮನೆ? ‘ಸು’ ಎಂಬುದು ಅವನ, ಅವಳ, ಅವರ, ನಿಮ್ಮ ಎಲ್ಲವೂ ಆದರೆ ಗುರುತಿಸುವುದಾದರೂ ಹೇಗೆ?
— ಜಗಳೂರಿನ ಓದುಗ

ಉತ್ತರ: ‘ಅಲ್ಲಿದೆ ನೋಡಿ, ತಮ್ಮ ಮನೆ’ ಎಂದರು ಆ ಹಿರಿಯರು. ತಮ್ಮ ಮನೆಯನ್ನು ನಿಮ್ಮದೆಂದು ನಿಮಗೆ ಒಪ್ಪಿಸಿದರು. ಮೆಕ್ಸಿಕೊದವರು ತಮ್ಮ ಮನೆಯ ವಿಳಾಸ ಕೊಡುವಾಗ ಹೀಗೆ ಹೇಳುವುದು ಹಳೆಯ ಸೌಜನ್ಯ. ‘ನಿಮ್ಮ ಮನೆಯೆಂದೇ ತಿಳಿದು ಬನ್ನಿ’ ಎಂದು ನಮ್ಮ ಹಿರಿಯರು ಹೇಳುವಂತೆಯೇ. ಅದಕ್ಕೆ ‘ಗ್ರಾಸಿಯಾಸ್’ ಎಂದರೆ ಸಾಕು.

ನಾನು ಈಗಷ್ಟೇ ‘ತಮ್ಮ ಮನೆಯನ್ನು’ ಎಂದು ಬರೆದೆ, ಅದಕ್ಕೆ ಮೊದಲು ‘ನೋಡಿ, ತಮ್ಮ ಮನೆ’ ಎಂದು ಬರೆದೆ. ಒಂದು ‘ತಮ್ಮ’ ಆ ಹಿರಿಯರದು, ಇನ್ನೊಂದು ನಿಮ್ಮದು. ನಿಮಗೆ ಎಲ್ಲಾದರೂ ತಡವರಿಸಿತೇ? ‘ಗುರುಗಳು ತಮ್ಮ ಊರಿಗೆ ಹೋದರು’ ಎಂದಾಗ ಒಂದು ಅರ್ಥ. ‘ಗುರುಗಳೇ, ತಮ್ಮ ಊರು ಯಾವುದು?’ ಎಂದಾಗ ಇನ್ನೊಂದು. ಮೂರನೆಯವರಿಗೂ ಎದುರಿಗಿರುವ ಗೌರವಾನ್ವಿತರಿಗೂ ಒಂದೇ ಪದವನ್ನು ನಾವು ಹುಟ್ಟಿದಂದಿನಿಂದ ಬಳಸುತ್ತಿದ್ದೇವೆ. ‘ಸು’ ಕೂಡ ಹಾಗೆಯೇ. ಇಂಗ್ಲಿಷ್ ಮಾತ್ರ ಬಲ್ಲವನಿಗೆ ಇದು ಗೋಡೆ, ಕನ್ನಡಿಗನಿಗೆ ತೆರೆದ ಬಾಗಿಲು.

ಅವರಲ್ಲಿ ಇದು ಹೀಗೇಕೆ ಆಯಿತು ಎಂಬುದು ನನಗೆ ಬಹಳ ಇಷ್ಟವಾದ ಕಥೆ. ಗೌರವದ ‘ನೀವು’ ಅವರಲ್ಲಿ ‘ಉಸ್ತೆದ್’. ಅದು ಮೂಲದಲ್ಲಿ ‘ಬುಯೆಸ್ತ್ರಾ ಮೆರ್ಸೆದ್’, ಅಂದರೆ ‘ತಮ್ಮ ಕೃಪೆ’. ಬಾಯಿಂದ ಬಾಯಿಗೆ ಸವೆದು ಸವೆದು ‘ಉಸ್ತೆದ್’ ಆಯಿತು. ‘ತಮ್ಮ ಕೃಪೆಯು ಬಂದಿತೇ?’ ಎಂದು ಕೇಳಿದರೆ ಕ್ರಿಯಾಪದ ಪ್ರಥಮ ಪುರುಷದಲ್ಲಿರಬೇಕಲ್ಲವೇ? ಹಾಗಾಗಿಯೇ ಇಂದಿಗೂ ‘ಉಸ್ತೆದ್’ ಜೊತೆ ‘ಅವನು, ಅವಳು’ ರೂಪದ ಕ್ರಿಯಾಪದ, ‘ಅವನ, ಅವಳ’ ಅರ್ಥದ ‘ಸು’. ನಮ್ಮ ಸೀಮೆಯ ಮಠಗಳಲ್ಲಿ ಸ್ವಾಮಿಗಳ ಎದುರಿಗೇ ಕೈಮುಗಿದು ನಿಂತು ‘ಬುದ್ಧಿಯವರು ಯಾವಾಗ ದಯಮಾಡಿಸಿದರು?’ ಎಂದು ಭಕ್ತರು ಕೇಳುತ್ತಾರೆ. ‘ದಯಮಾಡಿಸಿದಿರಿ’ ಎನ್ನುವುದಿಲ್ಲ. ಅದೇ ವಿನಯ, ಅದೇ ವ್ಯಾಕರಣ. ಕೊಲಂಬಿಯಾದ ಬೊಗೊಟಾ ಸುತ್ತಿನ ಎತ್ತರದ ಸೀಮೆಯಲ್ಲಿ ‘ಸುಮೆರ್ಸೆ’ ಎಂಬ ಸಂಬೋಧನೆ ಈಗಲೂ ಬಳಕೆಯಲ್ಲಿದೆ. ಅದೂ ‘ತಮ್ಮ ಕೃಪೆ’ಯೇ.

ಒಂದು ಕಡೆ ಮಾತ್ರ ಕನ್ನಡ ಹೆಚ್ಚು ಚುರುಕು. ‘ಅಣ್ಣ ಗೆಳೆಯನ ಜೊತೆ ತನ್ನ ಊರಿಗೆ ಹೋದ’ ಎಂದರೆ ಅಣ್ಣನ ಊರು, ‘ಅವನ ಊರಿಗೆ’ ಎಂದರೆ ಗೆಳೆಯನದು. ಸ್ಪ್ಯಾನಿಷ್‌ನ ‘ಸು’ ‘ತನ್ನ’ವೂ ಹೌದು, ‘ಅವನ’ವೂ ಹೌದು. ಸಂದರ್ಭದಿಂದ ತಿಳಿಯದಿದ್ದರೆ ‘ಸು’ ಬಿಟ್ಟು ಬಿಡಿಸಿ ಹೇಳುತ್ತಾರೆ: ‘ಲಾ ಕಾಸಾ ದೆ ಎಲ್’ ಅವನ ಮನೆ, ‘ಲಾ ಕಾಸಾ ದೆ ಎಯಾ’ ಅವಳ ಮನೆ, ‘ಲಾ ಕಾಸಾ ದೆ ಎಯೊಸ್’ ಅವರ ಮನೆ, ‘ಲಾ ಕಾಸಾ ದೆ ಉಸ್ತೆದ್’ ತಮ್ಮ ಮನೆ. ‘ತನ್ನ ಸ್ವಂತ’ ಎಂದು ಒತ್ತಬೇಕಾದರೆ ‘ಸು ಪ್ರೋಪಿಯಾ ಕಾಸಾ’. ಫೋನಿನ ಕೆಲಸದಲ್ಲಿ ನಿಮಗೆ ಅನುಮಾನ ಬಂದಾಗಲೆಲ್ಲ ‘ದೆ ಉಸ್ತೆದ್?’ ಎಂದು ಎರಡು ಪದದಲ್ಲಿ ಕೇಳಿ. ಯಾರೂ ತಪ್ಪು ತಿಳಿಯುವುದಿಲ್ಲ.

ಪ್ರಶ್ನೆ: ‘ತು’ ಎಂದರೆ ‘ನೀನು’ ಎನ್ನುತ್ತಾರೆ, ‘ನಿನ್ನ’ ಎಂದೂ ಎನ್ನುತ್ತಾರೆ. ಯಾವುದು ನಿಜ?
— ಹೊಸದುರ್ಗ

ಉತ್ತರ: ಎರಡೂ ನಿಜ. ಕಿವಿಗೆ ವ್ಯತ್ಯಾಸವಿಲ್ಲ, ಕಣ್ಣಿಗೆ ಇದೆ. ‘ನೀನು’ ಎಂಬುದಕ್ಕೆ ಸ್ವರಾಕ್ಷರದ ತಲೆಯ ಮೇಲೆ ಓರೆಯಾದ ಗೀಟು ಬೀಳುತ್ತದೆ, ‘ನಿನ್ನ’ ಎಂಬುದಕ್ಕೆ ಬೀಳುವುದಿಲ್ಲ. ‘ಮಿ’ಗೂ ಹಾಗೆಯೇ: ಗೀಟಿಲ್ಲದಿದ್ದರೆ ‘ನನ್ನ’, ಗೀಟಿದ್ದರೆ ‘ಪಾರಾ ಮಿ’ (ನನಗಾಗಿ) ಎಂಬಲ್ಲಿನ ಸರ್ವನಾಮ. ಮೊಬೈಲ್‌ನಲ್ಲಿ ಬೇಗ ಟೈಪ್ ಮಾಡುವಾಗ ಗೀಟು ಬಿಡುವವರು ಅಲ್ಲಿಯೂ ಇದ್ದಾರೆ, ಪರೀಕ್ಷೆಯಲ್ಲಿ ಬಿಡಬೇಡಿ.

ಪ್ರಶ್ನೆ: ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳ ನಿರ್ವಹಣೆ ನನ್ನ ಕೆಲಸ. ಸ್ಪೇನ್‌ನ ಎಂಜಿನಿಯರ್ ಒಬ್ಬರು ನಮ್ಮ ತಂಡಕ್ಕೆ ಬರೆಯುವಾಗ ‘ಬುಯೆಸ್ತ್ರೊ ಇನ್ಫೋರ್ಮೆ’ (ನಿಮ್ಮ ವರದಿ) ಎನ್ನುತ್ತಾರೆ. ನಾನು ಕಲಿಯುವ ಆ್ಯಪ್‌ನಲ್ಲಿ ‘ಬುಯೆಸ್ತ್ರೊ’ ಇಲ್ಲವೇ ಇಲ್ಲ, ‘ಸು ಇನ್ಫೋರ್ಮೆ’ ಎಂದಿದೆ. ನಾನು ಏನು ಬರೆಯಲಿ?
— ತಂತ್ರಜ್ಞ, ಚಿತ್ರದುರ್ಗ

ಉತ್ತರ: ನಿಮ್ಮ ಆ್ಯಪ್ ಲ್ಯಾಟಿನ್ ಅಮೆರಿಕದ ಸ್ಪ್ಯಾನಿಷ್ ಕಲಿಸುತ್ತಿದೆ. ಅಲ್ಲಿ ಹಲವರನ್ನು ಕರೆಯಲು ‘ಉಸ್ತೆದೆಸ್’ ಒಂದೇ, ಅವರ ವಸ್ತುವಿಗೆ ‘ಸು’ ಒಂದೇ. ಗೆಳೆಯರಾದರೂ ಅಷ್ಟೇ, ಮಂತ್ರಿಗಳಾದರೂ ಅಷ್ಟೇ. ಸ್ಪೇನ್‌ನ ಹೆಚ್ಚಿನ ಭಾಗದಲ್ಲಿ ಸಲುಗೆಯ ಹಲವರು ‘ಬೊಸೋತ್ರೊಸ್’, ಅವರ ವಸ್ತು ‘ಬುಯೆಸ್ತ್ರೊ, ಬುಯೆಸ್ತ್ರಾ’. ನಿಮ್ಮ ಎಂಜಿನಿಯರ್ ನಿಮ್ಮ ತಂಡವನ್ನು ಜೊತೆಗಾರರೆಂದು ಎಣಿಸಿದ್ದಾರೆ, ಅದನ್ನು ಅಗೌರವ ಎಂದು ತಿಳಿಯಬೇಡಿ.

ನಾನು ಇದನ್ನು ಕಲಿತದ್ದು ಒಂದು ಮಗುವಿನಿಂದ. ಹೈದರಾಬಾದಿನಲ್ಲಿ ಸ್ಪ್ಯಾನಿಷ್ ಓದಿದ ಮೇಲೆ ಸಲಮಾಂಕಾದ ಒಂದು ಶಾಲೆಯಲ್ಲಿ ನಾಲ್ಕು ವರ್ಷ ಇಂಗ್ಲಿಷ್ ಹೇಳಿಕೊಟ್ಟೆ. ಮೊದಲ ವಾರ ಒಂಬತ್ತು ವರ್ಷದ ಮಕ್ಕಳಿಗೆ ‘ಸುಸ್ ಲೀಬ್ರೊಸ್’ ತೆಗೆಯಿರಿ ಎಂದೆ. ಮುಂದಿನ ಬೆಂಚಿನ ಹುಡುಗಿ ತನ್ನ ಪುಸ್ತಕದ ಮೇಲೆ ಕೈಯಿಟ್ಟುಕೊಂಡೇ ‘ಯಾರದು?’ ಎಂದು ಕೇಳಿದಳು. ಅವಳ ಕಿವಿಗೆ ‘ಸುಸ್’ ಎಂದರೆ ಆ ಕೋಣೆಯಲ್ಲಿ ಇಲ್ಲದ ಯಾರದೋ ಪುಸ್ತಕ. ‘ಬುಯೆಸ್ತ್ರೊಸ್ ಲೀಬ್ರೊಸ್’ ಎಂದ ಕೂಡಲೇ ಇಪ್ಪತ್ತು ಪುಸ್ತಕಗಳು ಒಟ್ಟಿಗೆ ತೆರೆದುಕೊಂಡವು. ಆ ಶಬ್ದ ಈಗಲೂ ನನ್ನ ಕಿವಿಯಲ್ಲಿದೆ.

ನಿಮಗೆ ನನ್ನ ಸಲಹೆ: ಆ ಎಂಜಿನಿಯರ್ ಒಬ್ಬರಿಗೇ ಬರೆಯುವಾಗ ಅವರು ನಿಮ್ಮನ್ನು ‘ತು’ ಎಂದರೆ ನೀವೂ ‘ತು ಇನ್ಫೋರ್ಮೆ’ ಎನ್ನಿ. ಅವರ ತಂಡಕ್ಕೆ ಬರೆಯುವಾಗ ‘ಬುಯೆಸ್ತ್ರೊ’. ಪರಿಚಯವಿಲ್ಲದ ಅಧಿಕಾರಿಗೆ ‘ಸು’. ಪತ್ರದ ಆರಂಭಕ್ಕೆ ‘ಎಸ್ತಿಮಾದೊ’ ಸಾಕು. ಹಳೆಯ ವ್ಯವಹಾರ ಪತ್ರಗಳ ‘ಮುಯ್ ಸೆಞೋರ್ ಮೀಯೊ’ ಈಗ ತೀರಾ ಬಿಗಿಯಾಯಿತು.

ಪ್ರಶ್ನೆ: ನರ್ಸಿಂಗ್ ಓದುತ್ತಿದ್ದೇನೆ. ‘ನನ್ನ ತಲೆ ನೋಯುತ್ತಿದೆ’ ಎನ್ನಲು ‘ಮೆ ದುಯೇಲೆ ಮಿ ಕಬೇಸಾ’ ಎಂದು ಬರೆದೆ. ‘ಮಿ’ ಹೊಡೆದು ‘ಲಾ’ ಮಾಡಿದ್ದಾರೆ. ತಲೆ ನನ್ನದೇ ತಾನೇ?
— ಚಳ್ಳಕೆರೆ

ಉತ್ತರ: ನಿನ್ನದೇ ತಂಗಿ. ಆದರೆ ಆ ಮಾತು ‘ಮೆ’ ಎಂಬಲ್ಲೇ ಮುಗಿಯಿತು. ‘ಮೆ’ ಎಂದರೆ ‘ನನಗೆ’. ಅಮ್ಮನ ಹತ್ತಿರ ನೀನು ಏನೆನ್ನುತ್ತೀಯೆ? ‘ನನಗೆ ತಲೆ ನೋಯುತ್ತಿದೆ’ ಎನ್ನುತ್ತೀಯೆ. ‘ನನಗೆ ನನ್ನ ತಲೆ ನೋಯುತ್ತಿದೆ’ ಎನ್ನುವುದಿಲ್ಲ. ‘ಮೆ ದುಯೇಲೆ ಲಾ ಕಬೇಸಾ’ ಪದಕ್ಕೆ ಪದ ನಮ್ಮ ಮಾತು, ‘ಲಾ’ ಎಂಬ ಉಪಪದವೊಂದು ಹೆಚ್ಚು.

ದೇಹದ ಅಂಗ, ಮೈಮೇಲಿನ ಬಟ್ಟೆ ಇವುಗಳ ವಿಷಯದಲ್ಲಿ ಸ್ಪ್ಯಾನಿಷ್ ಸಾಮಾನ್ಯವಾಗಿ ಷಷ್ಠಿಯನ್ನು ದೂರವಿಟ್ಟು ಚತುರ್ಥಿಯನ್ನು ಕರೆಯುತ್ತದೆ. ಕನ್ನಡವೂ ಅದನ್ನೇ ಮಾಡುತ್ತದೆ. ‘ತಾಯಿ ಮಗುವಿಗೆ ಉಗುರು ಕತ್ತರಿಸಿದಳು’ ಎನ್ನುತ್ತೇವೆ. ಅವರೂ ‘ಮಗುವಿಗೆ’ ಎಂದೇ ಹೇಳಿ, ಉಗುರಿಗೆ ಬರೀ ‘ಲಾಸ್’ ಹಚ್ಚುತ್ತಾರೆ. ಇನ್ನು ‘ಕೈ ತೊಳೆದುಕೊಂಡೆ’ ಎಂಬುದನ್ನು ನೋಡು. ಆ ‘ಕೊಂಡೆ’ ಇರುವುದರಿಂದ ಕೈ ಯಾರದೆಂದು ಯಾರೂ ಕೇಳುವುದಿಲ್ಲ. ‘ಮೆ ಲಾಬೊ ಲಾಸ್ ಮಾನೊಸ್’ ಎಂಬಲ್ಲಿನ ‘ಮೆ’ ನಮ್ಮ ‘ಕೊಳ್ಳು’ ಮಾಡುವ ಕೆಲಸವನ್ನೇ ಮಾಡುತ್ತಿದೆ. ಅಂಗಿ ಹಾಕಿಕೊಂಡ, ಚಪ್ಪಲಿ ಬಿಚ್ಚಿಕೊಂಡ, ತಲೆ ಬಾಚಿಕೊಂಡ: ಇವೆಲ್ಲಕ್ಕೂ ಇದೇ ದಾರಿ. ವಾರ್ಡಿನಲ್ಲಿ ರೋಗಿಯನ್ನು ಕೇಳುವಾಗ ‘ಲೆ ದುಯೇಲೆ ಎಲ್ ಎಸ್ತೋಮಾಗೊ?’ ಎನ್ನು. ‘ತಮಗೆ ಹೊಟ್ಟೆ ನೋಯುತ್ತದೆಯೇ?’ ಎಂಬುದರ ಸಾಲು ಅದು. (‘ಮಾನೊ’ ಎಂಬುದು ‘ಒ’ಕಾರದಲ್ಲಿ ಮುಗಿದರೂ ಸ್ತ್ರೀಲಿಂಗ. ಹಾಗಾಗಿ ‘ಲೊಸ್’ ಅಲ್ಲ, ‘ಲಾಸ್’.)

ಪ್ರಶ್ನೆ: ನನ್ನ ಮಗ ಸ್ಪೇನ್‌ನ ಸರಗೋಸಾದಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿಯ ಹುಡುಗಿಯನ್ನೇ ಮದುವೆಯಾದ. ಸೊಸೆಯ ತಾಯಿಗೆ ನಾನೇ ಕೈಯಾರೆ ಒಂದು ಕಾಗದ ಬರೆಯಬೇಕೆಂಬ ಆಸೆ. ‘ನಮ್ಮ ಯಜಮಾನರು ಬಹಳ ಸಂತೋಷಪಟ್ಟರು’ ಎಂಬುದಕ್ಕೆ ‘ನುಯೆಸ್ತ್ರೊ ಮರೀದೊ’ ಎಂದು ಬರೆದೆ. ಮಗ ಫೋನಿನಲ್ಲಿ ಬೇಡ ಎಂದ, ಏಕೆಂದು ಹೇಳಲಿಲ್ಲ. ‘ನಿಮ್ಮ ಮಗಳು ನಮಗೂ ಮಗಳೇ’ ಎಂಬ ಮಾತೂ ಅದರಲ್ಲಿ ಇರಬೇಕು. ಬೀಗಿತ್ತಿಗೆ ಏನೆಂದು ಕರೆಯಲಿ?
— ಗೃಹಿಣಿ, ಹರಿಹರ

ಉತ್ತರ: ಅಕ್ಕ, ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಒಂದೊಂದಾಗಿ ಹೇಳುತ್ತೇನೆ.

ನಾವು ಒಬ್ಬರೇ ಮಾತನಾಡುವಾಗಲೂ ‘ನಮ್ಮ ಅಪ್ಪ’, ‘ನಮ್ಮ ಯಜಮಾನರು’ ಎನ್ನುತ್ತೇವೆ. ಇದು ಮನೆತನದ ಮಾತು. ‘ನನ್ನ’ ಎಂದರೆ ಏನೋ ಕಸಿದುಕೊಂಡಂತೆ, ‘ನಮ್ಮ’ ಎಂದರೆ ಮನೆಯೆಲ್ಲ ಜೊತೆಗಿದ್ದಂತೆ. ಸ್ಪ್ಯಾನಿಷ್‌ನಲ್ಲಿ ಈ ಬಳಕೆ ಇಲ್ಲ. ಅಲ್ಲಿ ‘ನುಯೆಸ್ತ್ರೊ’ ಎಂದರೆ ಒಡೆಯರು ನಿಜವಾಗಿಯೂ ಇಬ್ಬರು ಅಥವಾ ಹೆಚ್ಚು. ‘ನುಯೆಸ್ತ್ರೊ ಮರೀದೊ’ ಎಂದರೆ ಹಲವು ಹೆಂಗಸರಿಗೆ ಒಬ್ಬನೇ ಗಂಡ ಎಂಬ ಅರ್ಥ ಬರುತ್ತದೆ. ಮಗ ಬಾಯಿಬಿಟ್ಟು ಹೇಳಲು ಹಿಂಜರಿದದ್ದು ಅದಕ್ಕೇ. ‘ಮಿ ಮರೀದೊ’ ಎಂದು ಬರೆಯಿರಿ, ಅದರಲ್ಲಿ ಗೌರವಕ್ಕೆ ಯಾವ ಕೊರತೆಯೂ ಇಲ್ಲ. ನಿಮ್ಮ ತಾಯಿಯ ವಿಷಯ ಬಂದರೂ ‘ಮಿ ಮಾದ್ರೆ’. ಅಕ್ಕತಂಗಿಯರು ಸೇರಿ ಹೇಳಿದರೆ ಮಾತ್ರ ‘ನುಯೆಸ್ತ್ರಾ ಮಾದ್ರೆ’. ಮಗನಿಗೆ ‘ನುಯೆಸ್ತ್ರೊ ಈಹೊ’ ಎನ್ನಬಹುದು. ಅವನು ನಿಮ್ಮಿಬ್ಬರ ಮಗನಲ್ಲವೇ.

ಇನ್ನು ಬೀಗಿತ್ತಿ. ಇದನ್ನು ಬರೆಯುವಾಗ ನನ್ನ ಮನಸ್ಸು ಅರಳುತ್ತದೆ. ಇಂಗ್ಲಿಷ್‌ನಲ್ಲಿ ಬೀಗರಿಗೆ ಪದವಿಲ್ಲ, ‘ಮಗನ ಹೆಂಡತಿಯ ತಾಯಿ’ ಎಂದು ಬಳಸಿ ಬಳಸಿ ಹೇಳಬೇಕು. ಸ್ಪ್ಯಾನಿಷ್‌ನಲ್ಲಿ ಇದೆ: ಬೀಗರು ‘ಕೊನ್ಸುಯೇಗ್ರೊ’, ಬೀಗಿತ್ತಿ ‘ಕೊನ್ಸುಯೇಗ್ರಾ’. ಅತ್ತೆಗೆ ‘ಸುಯೇಗ್ರಾ’ ಎನ್ನುತ್ತಾರೆ. ಅದಕ್ಕೆ ‘ಕೊನ್’, ಅಂದರೆ ‘ಜೊತೆ’, ಸೇರಿದೆ. ಜೊತೆಯಲ್ಲಿ ಅತ್ತೆಯಾದವಳು! ಕಾಗದವನ್ನು ‘ಕೆರೀದಾ ಕೊನ್ಸುಯೇಗ್ರಾ’ (ಪ್ರೀತಿಯ ಬೀಗಿತ್ತಿ) ಎಂದು ಆರಂಭಿಸಿ, ಮುಂದೆ ಎರಡು ಚುಕ್ಕೆಯ ವಿವರಣ ಚಿಹ್ನೆ ಹಾಕಿ. ಅವರು ಅಲ್ಪವಿರಾಮ ಹಾಕುವುದಿಲ್ಲ. ಸ್ಪೇನ್‌ನಲ್ಲಿ ಬೀಗರ ನಡುವೆ ಸಲುಗೆಯ ‘ತು’ ಸಾಮಾನ್ಯ. ಆದ್ದರಿಂದ ಕೊನೆಯಲ್ಲಿ ‘ತು ಕೊನ್ಸುಯೇಗ್ರಾ’ ಎಂದು ಬರೆದು ಸಹಿ ಹಾಕಿ. ಬೀಗಿತ್ತಿಗೆ ‘ನಿನ್ನ’ ಎಂದು ಬರೆಯುವುದು ನಿಮ್ಮ ಕೈಗೆ ಒಗ್ಗಲಿಕ್ಕಿಲ್ಲ. ಆದರೂ ಬರೆಯಿರಿ, ಆ ಊರಿನಲ್ಲಿ ಅದು ಹತ್ತಿರದವರ ಮಾತು.

ಕೊನೆಗೆ ನಿಮ್ಮ ಮುಖ್ಯ ಸಾಲು. ‘ನಿಮ್ಮ ಮಗಳು’ ಎಂಬಲ್ಲಿ ಒಡೆಯರು ಇಬ್ಬರು, ಬೀಗರು ಮತ್ತು ಬೀಗಿತ್ತಿ. ಹಾಗಾಗಿ ತಲೆ ‘ಬುಯೆಸ್ತ್ರ್’. ಮಗಳು ‘ಈಹಾ’, ಸ್ತ್ರೀಲಿಂಗ, ಒಬ್ಬಳೇ. ಹಾಗಾಗಿ ಬಾಲ ‘ಆ’. ‘ನಮಗೂ ಮಗಳೇ’ ಎಂಬಲ್ಲಿ ‘ನುಯೆಸ್ತ್ರಾ’ವನ್ನು ‘ಈಹಾ’ದ ಹಿಂದಿನಿಂದ ತೆಗೆದು ಮುಂದೆ ಇಡಿ. ಸ್ಪ್ಯಾನಿಷ್‌ನಲ್ಲಿ ಹೀಗೆ ನಾಮಪದದ ನಂತರ ಬಂದಾಗ ಈ ಪದಕ್ಕೆ ಒತ್ತು ಬೀಳುತ್ತದೆ, ಮಮತೆ ಕೂಡುತ್ತದೆ. ಅವರು ದೇವರನ್ನು ಪ್ರಾರ್ಥಿಸುವಾಗ ‘ಪಾದ್ರೆ ನುಯೆಸ್ತ್ರೊ’ (ನಮ್ಮ ತಂದೆಯೇ) ಎನ್ನುವುದು, ಸಂಕಟದಲ್ಲಿ ‘ದಿಯೋಸ್ ಮೀಯೊ’ (ನನ್ನ ದೇವರೇ) ಎನ್ನುವುದು ಇದೇ ರೀತಿಯಲ್ಲಿ.

ಆದ್ದರಿಂದ ಹೀಗೆ ಬರೆಯಿರಿ, ಅಕ್ಕ: ‘ಬುಯೆಸ್ತ್ರಾ ಈಹಾ ಎಸ್ ತಂಬಿಯೆನ್ ಈಹಾ ನುಯೆಸ್ತ್ರಾ.’ ಮಗನ ಕೈಯಿಂದ ಅದನ್ನು ರೋಮನ್ ಅಕ್ಷರದಲ್ಲಿ ಒಂದು ಚೀಟಿಗೆ ಬರೆಸಿಕೊಂಡು, ಕಾಗದದ ಮೇಲೆ ನಿಮ್ಮ ಕೈಯಿಂದಲೇ ಇಳಿಸಿ.